ಉರಿಯುವ ಮುಖಕ್ಕೆ ಯಾವ ಎಣ್ಣೆ?

ಪ್ರಶ್ನೆ: ಏನೇ ಹಚ್ಚಿದರೂ ನನ್ನ ಮುಖ ಕೆಂಪಾಗಿ ಉರಿಯುತ್ತದೆ. ಇಂಥ ಚರ್ಮಕ್ಕೆ ಎಣ್ಣೆ ಆಗಿಬರುತ್ತದೆಯೇ?

ಉತ್ತರ: ಆಗಿಬರಬಹುದು, ಎಣ್ಣೆ ಯಾವುದೆಂಬುದೇ ಮುಖ್ಯ. ಚರ್ಮದ ಹೊರಪದರದ ಕೋಶಗಳ ನಡುವೆ ಕೊಬ್ಬಿನಂಶ ಇಟ್ಟಿಗೆಗಳ ನಡುವಿನ ಗಾರೆಯಂತೆ ತುಂಬಿಕೊಂಡಿರುತ್ತದೆ. ಅದು ಸಡಿಲವಾದರೆ ತೇವ ಹೊರಹೋಗುತ್ತದೆ, ಕೆರಳಿಸುವ ವಸ್ತುಗಳು ಒಳನುಗ್ಗುತ್ತವೆ. ಆಲಿವ್ ಎಣ್ಣೆಯಲ್ಲಿ ಹೇರಳವಾಗಿರುವ ಒಲಿಕ್ ಆಮ್ಲ ಅದನ್ನು ಇನ್ನಷ್ಟು ಸಡಿಲಿಸುತ್ತದೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೊಲಿಕ್ ಆಮ್ಲ ಹೆಚ್ಚು. ಚರ್ಮ ತನ್ನ ಪದರ ಕಟ್ಟಿಕೊಳ್ಳಲು ಬಳಸುವುದೂ ಅದನ್ನೇ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ವಯಸ್ಕರ ಮುಂಗೈಗೆ ಎರಡನ್ನೂ ಹಚ್ಚಿ ನೋಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಲಿವ್ ಹಚ್ಚಿದಲ್ಲಿ ಪದರ ಕೆಟ್ಟು ಚರ್ಮ ಸ್ವಲ್ಪ ಕೆಂಪಾಗಿತ್ತು, ಸೂರ್ಯಕಾಂತಿ ಹಚ್ಚಿದಲ್ಲಿ ಪದರ ಗಟ್ಟಿಯಾಗಿಯೇ ಉಳಿದಿತ್ತು.

ನಮ್ಮ ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಒಳ್ಳೆಯದೇ. ಮೊಡವೆ ಏಳುವವರಿಗೆ ಬೇಡ. ಹುಬ್ಬು, ಮೂಗಿನ ಪಕ್ಕ ಹೊಟ್ಟು ಏಳುತ್ತಿದ್ದರಂತೂ ಎಣ್ಣೆಯ ಸಹವಾಸವೇ ಬೇಡ, ಅಲ್ಲಿನ ಶಿಲೀಂಧ್ರಕ್ಕೆ ಅದೇ ಆಹಾರ. ನಿಜವಾಗಿ ಭಯಪಡಬೇಕಾದ್ದು ಸುಗಂಧ ತೈಲಗಳಿಗೆ. ಲ್ಯಾವೆಂಡರ್, ನಿಂಬೆ, ಟೀ ಟ್ರೀ ತೈಲಗಳು ಗಾಳಿಗೆ ಹಳತಾದಷ್ಟೂ ಅಲರ್ಜಿ ತರುವ ಸಾಧ್ಯತೆ ಹೆಚ್ಚು. ಬಾಟಲಿಯ ಮೇಲೆ ‘ನೈಸರ್ಗಿಕ’ ಎಂದಿದ್ದರೆ ಸಾಲದು, ಹಿಂಬದಿಯ ಪಟ್ಟಿಯನ್ನು ಓದಿ.

ಹೊಸ ಎಣ್ಣೆಯನ್ನು ಮೊದಲು ಮೊಣಕೈಯ ಒಳಮಗ್ಗುಲಿಗೆ ಒಂದು ವಾರ, ದಿನಕ್ಕೆ 2 ಸಲ ಹಚ್ಚಿ ನೋಡಿ. ತುರಿಕೆ, ಗುಳ್ಳೆ ಇಲ್ಲದಿದ್ದರೆ ಮುಖ ತೊಳೆದು, ಒದ್ದೆ ಆರುವ ಮೊದಲು 2 ಹನಿ ಸವರಿ, ತಿಕ್ಕಬೇಡಿ. ಎಣ್ಣೆಯಲ್ಲಿ ನೀರಿಲ್ಲ, ಇರುವ ತೇವವನ್ನಷ್ಟೇ ಅದು ಹಿಡಿದಿಡುತ್ತದೆ. ಎಲ್ಲ ಬಿಟ್ಟರೂ ಉರಿ ನಿಲ್ಲದಿದ್ದರೆ ಚರ್ಮವೈದ್ಯರಿಗೆ ತೋರಿಸಿ, ತಡಮಾಡಬೇಡಿ.