ಒಂದೇ ಒಂದನ್ನು ಎತ್ತುವ ಯಂತ್ರ

ಮದುವೆಯ ಮನೆಯಲ್ಲಿ ಲಗ್ನಪತ್ರಿಕೆಗಳನ್ನು ಲಕೋಟೆಗೆ ಸೇರಿಸುವ ರಾತ್ರಿಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಹಜಾರದಲ್ಲಿ ಚಾಪೆ ಹಾಸಿ ಎಲ್ಲರೂ ಸುತ್ತ ಕುಳಿತಿರುತ್ತಾರೆ. ಒಬ್ಬರು ಪತ್ರಿಕೆಯ ಮೂಲೆಗಳಿಗೆ ಅರಿಸಿನ ಹಚ್ಚಿದರೆ, ಇನ್ನೊಬ್ಬರು ಅದನ್ನು ಲಕೋಟೆಯೊಳಕ್ಕೆ ತೂರಿಸಿ ಎರಡು ಕಾಳು ಮಂತ್ರಾಕ್ಷತೆ ಹಾಕುತ್ತಾರೆ; ಅಕ್ಷರ ದುಂಡಗಿರುವವರು ವಿಳಾಸ ಬರೆಯುತ್ತಾರೆ; ಅಂಚೆಚೀಟಿ ಅಂಟಿಸುವ ಅಧಿಕಾರ ಮಕ್ಕಳದು.

ನಮ್ಮ ಅಕ್ಕನ ಮದುವೆಗೆ ಹೀಗೆ ಐನೂರು ಲಕೋಟೆಗಳು ಸಿದ್ಧವಾದುವು. ಕೆಲಸ ಮುಗಿಯುವ ಹೊತ್ತಿಗೆ ಮಧ್ಯರಾತ್ರಿ ಮೀರಿತ್ತು. ಲೆಕ್ಕಕ್ಕೆ ಸರಿಯಾಗಿ ಪತ್ರಿಕೆಗಳೂ ಮುಗಿದಿದ್ದುವು, ಲಕೋಟೆಗಳೂ ಮುಗಿದಿದ್ದುವು. ಎಲ್ಲರೂ ನೆಮ್ಮದಿಯಿಂದ ಮಲಗಿದೆವು. ಹದಿನೈದು ದಿನಗಳ ಮೇಲೆ ತಿಳಿದ ಸಂಗತಿಯೇ ಬೇರೆ. ತೀರ್ಥಹಳ್ಳಿಯ ಸ್ನೇಹಿತರೊಬ್ಬರಿಗೆ ಒಂದೇ ಲಕೋಟೆಯಲ್ಲಿ ಎರಡು ಪತ್ರಿಕೆಗಳು ಹೋಗಿದ್ದುವು. ನಮ್ಮ ತಂದೆಯವರ ಸೋದರಮಾವನಿಗೆ ಬರಿಯ ಲಕೋಟೆ ಹೋಗಿತ್ತು! ಆ ಹಿರಿಯರು ಅದನ್ನು ಮರೆವೆಂದು ಎಣಿಸಲಿಲ್ಲ, ಅವಮಾನವೆಂದು ಎಣಿಸಿದರು. ಮದುವೆಗೆ ಬರಲಿಲ್ಲ. ತಂದೆಯವರು ಮರುವಾರ ಬಸ್ಸು ಹಿಡಿದು ಹೋಗಿ, ತಾಂಬೂಲವಿಟ್ಟು, ನಡೆದದ್ದನ್ನು ವಿವರಿಸಿದ ಮೇಲೆಯೇ ಅವರ ಮುಖ ತಿಳಿಯಾದದ್ದು.

ಒಂದು ಕಡೆ ಹೆಚ್ಚಿದ್ದು ಇನ್ನೊಂದು ಕಡೆ ಕಡಮೆಯಾಗಿ, ಒಟ್ಟು ಲೆಕ್ಕ ಮಾತ್ರ ಸರಿಯಾಗಿಯೇ ಇತ್ತೆಂಬುದನ್ನು ವಾಚಕರು ಗಮನಿಸಬೇಕು. ಮನೆಯಲ್ಲಿ ಐನೂರಕ್ಕೆ ಬಂದ ಈ ತೊಂದರೆ ಕಾರ್ಖಾನೆಗಳಲ್ಲಿ ಲಕ್ಷಕ್ಕೆ ಬರುತ್ತದೆ. ಔಷಧದ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಮಾಹಿತಿಪತ್ರ, ಬ್ಯಾಂಕಿನಿಂದ ಬರುವ ಕಾಗದಕ್ಕೆ ಅಂಟಿಸಿದ ಕಾರ್ಡು, ತಿಂಡಿಯ ಪೊಟ್ಟಣದಲ್ಲಿ ಮಕ್ಕಳಿಗೆಂದು ಇಟ್ಟ ಬೊಂಬೆಯ ಚೀಟಿ, ಇವನ್ನೆಲ್ಲ ಇಂದು ಬಹುಮಟ್ಟಿಗೆ ಯಂತ್ರಗಳೇ ಎತ್ತಿ ಇಡುತ್ತವೆ. ಕಾರ್ಖಾನೆಯ ಮಾತಿನಲ್ಲಿ ಅವುಗಳ ಹೆಸರು ಫೀಡರ್, ಎಂದರೆ ಉಣಿಸುವ ಯಂತ್ರ. ಹೊದಿಸುವ, ಮಡಿಸುವ, ಮುದ್ರೆಯೊತ್ತುವ ದೊಡ್ಡ ಯಂತ್ರಗಳ ಬಾಯಿಗೆ ತುತ್ತು ತುತ್ತಾಗಿ ಉಣಿಸುವ ದಾದಿಯರೆಂದು ಬೇಕಾದರೆ ತಿಳಿಯಬಹುದು. ತುತ್ತು ಒಂದೇ ಇರಬೇಕು, ಎರಡಾಗಬಾರದು; ತಪ್ಪಲೂ ಬಾರದು.

ಹೆಬ್ಬೆರಳ ಜಾಣತನ

ಇದರಲ್ಲೇನು ಕಷ್ಟ ಎಂದು ತೋರಬಹುದು. ನಾವು ಕಾಗದದ ಕಟ್ಟಿನಿಂದ ಒಂದನ್ನು ತೆಗೆಯುವಾಗ ಏನು ಮಾಡುತ್ತೇವೆಂಬುದನ್ನು ಸ್ವಲ್ಪ ನೆನೆದು ನೋಡಿ. ಮೊದಲು ಕಟ್ಟನ್ನು ಬಗ್ಗಿಸಿ ಅಂಚುಗಳನ್ನು ಸಡಿಲಿಸುತ್ತೇವೆ. ಹೆಬ್ಬೆರಳನ್ನು ಒದ್ದೆಮಾಡಿಕೊಂಡು ಮೇಲಿನದನ್ನು ತಳ್ಳುತ್ತೇವೆ. ದಪ್ಪವೆನಿಸಿದರೆ ಎರಡು ಬೆರಳುಗಳ ನಡುವೆ ಉಜ್ಜಿ ಬೇರ್ಪಡಿಸುತ್ತೇವೆ. ಬ್ಯಾಂಕಿನ ಗುಮಾಸ್ತರು ನೋಟು ಎಣಿಸುವಾಗ ಬಳಿಯಲ್ಲಿ ನೀರಿನ ಸ್ಪಂಜು ಇಟ್ಟುಕೊಳ್ಳುವುದು ಇದಕ್ಕಾಗಿಯೇ. ಸಾಮಾನ್ಯ ಬರವಣಿಗೆಯ ಕಾಗದದ ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗ. ಅಂಥದು ಒಂದೋ ಎರಡೋ ಎಂಬುದನ್ನು ಬೆರಳ ತುದಿ ಕಣ್ಣಿನ ನೆರವಿಲ್ಲದೆ ಹೇಳಿಬಿಡುತ್ತದೆ. ಲೋಹದ ಯಂತ್ರಕ್ಕೆ ಈ ವಿದ್ಯೆಯನ್ನು ಕಲಿಸುವುದೆಂದರೆ ಸಾಮಾನ್ಯವೆ?

ಕಲಿಸಿದ ಬಗೆ ಬಹಳ ಸ್ವಾರಸ್ಯವಾದುದು. ಹೆಚ್ಚಾಗಿ ಬಳಕೆಯಲ್ಲಿರುವ ಯಂತ್ರದಲ್ಲಿ ಕಾಗದದ ಕಟ್ಟನ್ನು ಓರೆಯಾಗಿ ಒರಗಿಸಿರುತ್ತಾರೆ. ಕಟ್ಟಿನ ಅಡಿಯಲ್ಲಿ ರಬ್ಬರಿನ ಪಟ್ಟಿಗಳು ಮುಂದಕ್ಕೆ ಉರುಳುತ್ತಿರುತ್ತವೆ. ಎದುರಿಗೆ, ಪಟ್ಟಿಗೆ ತೀರ ಸಮೀಪದಲ್ಲಿ, ರಬ್ಬರಿನದೇ ಒಂದು ತಡೆ. ಪಟ್ಟಿಗೂ ತಡೆಗೂ ನಡುವೆ ಉಳಿದಿರುವ ಸಂದು ಒಂದು ಕಾಗದದ ದಪ್ಪಕ್ಕಿಂತ ಕೊಂಚ ಹೆಚ್ಚು, ಎರಡರ ದಪ್ಪಕ್ಕಿಂತ ಕಡಮೆ. ಪಟ್ಟಿ ಎಲ್ಲಕ್ಕಿಂತ ಕೆಳಗಿನ ಕಾಗದವನ್ನು ಸೆಳೆದು ಸಂದಿನಿಂದ ಹೊರಕ್ಕೆ ದಾಟಿಸುತ್ತದೆ.

ಸಂದು ಒಂದರಿಂದಲೇ ಕೆಲಸವಾಗುವುದಿಲ್ಲ. ಇಲ್ಲಿ ಮೂರು ಹಿಡಿತಗಳ ಪಂದ್ಯವೊಂದು ನಡೆಯುತ್ತಿರುತ್ತದೆ. ಪಟ್ಟಿಗೂ ಕಾಗದಕ್ಕೂ ನಡುವಣ ಘರ್ಷಣೆ ಎಲ್ಲಕ್ಕಿಂತ ಬಲವಾಗಿರಬೇಕು. ತಡೆಗೂ ಕಾಗದಕ್ಕೂ ನಡುವಣದು ಅದಕ್ಕಿಂತ ಕಡಮೆ. ಕಾಗದಕ್ಕೂ ಕಾಗದಕ್ಕೂ ನಡುವಣದು ಎಲ್ಲಕ್ಕಿಂತ ಕಡಮೆ. ಈ ಕ್ರಮವಿದ್ದರೆ, ಒಂದೇ ಕಾಗದ ಬಂದಾಗ ಪಟ್ಟಿ ತಡೆಯನ್ನು ಗೆದ್ದು ಅದನ್ನು ಎಳೆದೊಯ್ಯುತ್ತದೆ. ಎರಡನೆಯದೊಂದು ಬೆನ್ನಿಗಂಟಿಕೊಂಡು ಬಂದರೆ ಅದನ್ನು ತಡೆ ಹಿಡಿದು ನಿಲ್ಲಿಸುತ್ತದೆ. ಏಕೆಂದರೆ ಕೆಳಗಿನ ಕಾಗದದ ಸೆಳೆತಕ್ಕಿಂತ ತಡೆಯ ಹಿಡಿತ ಹೆಚ್ಚು. ಎಷ್ಟು ಸರಳ! ಆದರೆ ಕ್ರಮ ಕೆಟ್ಟಿತೋ, ಎರಡು ಮೂರು ಒಟ್ಟಿಗೆ ಹೊರಟುಬಿಡುತ್ತವೆ, ಇಲ್ಲವೆ ಒಂದೂ ಹೊರಡುವುದಿಲ್ಲ.

ಕ್ರಮ ಕೆಡುವುದಕ್ಕೆ ಕಾರಣಗಳೇನು ಕಡಮೆಯೆ? ಕಾಗದದ ದೂಳು ರಬ್ಬರಿನ ಮೇಲೆ ಕೂತರೆ ಹಿಡಿತ ಹೋಯಿತು. ಮಳೆಗಾಲದಲ್ಲಿ ಕಾಗದ ತೇವವನ್ನು ಕುಡಿದು ಮುರುಟಿಕೊಳ್ಳುತ್ತದೆ. ಗಾಳಿ ಒಣಗಿದ್ದರೆ ಸ್ಥಿರ ವಿದ್ಯುತ್ತು ಹುಟ್ಟಿ ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಹಾರಿ ಅಂಟುವುದು ಇದರಿಂದಲೇ. ಕತ್ತರಿಸುವ ಅಲಗು ಮೊಂಡಾಗಿದ್ದರೆ ಅಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮಸಿ ಸರಿಯಾಗಿ ಆರದಿದ್ದರಂತೂ ಹೇಳುವುದೇ ಬೇಡ. ಆದುದರಿಂದ ಕೆಲಸಗಾರನು ಕಟ್ಟನ್ನು ಯಂತ್ರದಲ್ಲಿ ಇಡುವ ಮೊದಲು ಬೀಸಣಿಗೆಯಂತೆ ಬಿಡಿಸಿ ಗಾಳಿಯಾಡಿಸುತ್ತಾನೆ. ನಮ್ಮ ಹಜಾರದಲ್ಲಿ ನಡೆದ ಕೆಲಸವೇ ಇಲ್ಲಿಯೂ!

ಉಸಿರೆಳೆದು ಎತ್ತುವುದು

ನುಣುಪಾದ ಕಾಗದಕ್ಕೂ, ಮಡಿಸಿಟ್ಟ ರಟ್ಟಿನ ಪೆಟ್ಟಿಗೆಗೂ, ಗೀಚು ಬೀಳಬಾರದ ಮುದ್ರಣಕ್ಕೂ ಉಜ್ಜುವ ಉಪಾಯ ಒಗ್ಗುವುದಿಲ್ಲ. ಅಲ್ಲಿ ಗಾಳಿಯ ನೆರವನ್ನು ಪಡೆಯುತ್ತಾರೆ. ಒಂದು ಕೈ ಇಳಿದು ಬಂದು ಪುಟ್ಟ ರಬ್ಬರಿನ ಬಟ್ಟಲನ್ನು ಕಾಗದದ ಮೇಲೆ ಕವುಚುತ್ತದೆ. ಒಳಗಿನ ಗಾಳಿಯನ್ನು ಪಂಪು ಹೀರುತ್ತದೆ. ಹೊರಗಿನ ವಾಯುಮಂಡಲ ಕಾಗದವನ್ನು ಬಟ್ಟಲಿಗೆ ಒತ್ತಿ ಹಿಡಿಯುತ್ತದೆ. ಪ್ರತಿ ಚದರ ಸೆಂಟಿಮೀಟರಿನ ಮೇಲೆ ವಾಯುಮಂಡಲದ ಒತ್ತಡ ಸುಮಾರು ಒಂದು ಕಿಲೋಗ್ರಾಮಿನಷ್ಟಿರುವಾಗ ಕೆಲವೇ ಗ್ರಾಮು ತೂಗುವ ಕಾರ್ಡನ್ನು ಎತ್ತುವುದು ದೊಡ್ಡ ಮಾತಲ್ಲ. ಜೊತೆಗೆ ಪಕ್ಕದಿಂದ ಗಾಳಿಯನ್ನು ಊದಿ ಕೆಳಗಿನದನ್ನು ಬಿಡಿಸುತ್ತಾರೆ.

ಈ ಉಪಾಯ ನಮ್ಮ ಊರುಗಳ ಮುದ್ರಣಾಲಯಗಳಿಗೆ ಹೊಸದಲ್ಲ. ಹಿಂದೆ ಟ್ರೆಡಲ್ ಯಂತ್ರದ ಮುಂದೆ ನಿಂತು ಒಂದೊಂದೇ ಹಾಳೆಯನ್ನು ಕೈಯಿಂದ ಇಟ್ಟು ತೆಗೆಯಬೇಕಾಗಿತ್ತು. ಕೈ ಹಿಂದೆ ಬರುವುದು ಕ್ಷಣ ತಡವಾದರೆ ಬೆರಳು ಜಜ್ಜಿಹೋಗುತ್ತಿತ್ತು. ಜರ್ಮನಿಯ ಹೈಡೆಲ್‌ಬರ್ಗ್ ಯಂತ್ರ ಆ ಅಪಾಯವನ್ನು ತಪ್ಪಿಸಿತು. ಹೀರುಕೊಳವೆಗಳು ಹಾಳೆಯನ್ನು ಎತ್ತಿ ಕೊಟ್ಟರೆ, ಗಾಳಿಗಿರಣಿಯ ರೆಕ್ಕೆಗಳಂತೆ ಸುತ್ತುವ ಎರಡು ಕೈಗಳು ಅದನ್ನು ಒಯ್ದು ಅಚ್ಚಿಗೆ ಒಡ್ಡಿ ಆಚೆ ಇಡುತ್ತವೆ. ಗಂಟೆಗೆ ಐದು ಸಾವಿರ ಹಾಳೆಗಳು ಸಾಗುವಂತಿದ್ದ ಈ ಯಂತ್ರದ ತಯಾರಿಕೆ 1985ರಲ್ಲಿ ನಿಂತಿತು. ಆದರೂ ಹಳೆಯ ಯಂತ್ರಗಳು ಇಂದಿಗೂ ಅನೇಕ ಕಡೆ ಟಪ್ ಟಪ್ ಎನ್ನುತ್ತಲೇ ಇವೆ. ಅದನ್ನು ನೋಡುತ್ತ ನಿಂತು ಕೊಡಬೇಕಾದ ಹಣವನ್ನೂ ಮರೆತವರಲ್ಲಿ ಈ ಲೇಖಕನೂ ಒಬ್ಬ.

ಎತ್ತಿದರಾಯಿತೆ? ಸರಿಯಾದ ಗಳಿಗೆಯಲ್ಲಿ ಇಳಿಸಬೇಕು. ಪೆಟ್ಟಿಗೆಗಳು ಸಾಗುಪಟ್ಟಿಯ ಮೇಲೆ ಸಾಲಾಗಿ ಬರುತ್ತಿರುತ್ತವೆ. ದಾರಿಯಲ್ಲೊಂದು ಬೆಳಕಿನ ಕಣ್ಣು. ಪೆಟ್ಟಿಗೆ ಅಡ್ಡ ಬಂದೊಡನೆ ಫೀಡರಿಗೆ ಸುದ್ದಿ ಮುಟ್ಟುತ್ತದೆ. ಪಟ್ಟಿ ಸೆಕೆಂಡಿಗೆ ಅರ್ಧ ಮೀಟರು ಓಡುತ್ತಿದೆಯೆಂದು ಇಟ್ಟುಕೊಳ್ಳಿ. ಸೆಕೆಂಡಿನ ಐವತ್ತರಲ್ಲೊಂದು ಭಾಗ ತಡವಾದರೆ ಚೀಟಿ ಒಂದು ಸೆಂಟಿಮೀಟರು ಪಕ್ಕಕ್ಕೆ ಬಿತ್ತು. ಸಣ್ಣ ಪೆಟ್ಟಿಗೆಯಾದರೆ ಹೊರಗೇ ಬಿತ್ತು.

ಶಬ್ದದಿಂದ ಎಣಿಕೆ

ಇಷ್ಟೆಲ್ಲ ಎಚ್ಚರ ವಹಿಸಿದರೂ ಎರಡು ಒಟ್ಟಿಗೆ ಬರುವುದು ಒಮ್ಮೊಮ್ಮೆ ಉಂಟು. ಅದನ್ನು ಹಿಡಿಯುವ ಉಪಾಯಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದುದು ಶಬ್ದದ ಉಪಾಯ. ಕಾಗದದ ಒಂದು ಮಗ್ಗುಲಿನಿಂದ ನಮ್ಮ ಕಿವಿಗೆ ನಿಲುಕದಷ್ಟು ಸೂಕ್ಷ್ಮವಾದ ಶಬ್ದವನ್ನು ಹೊರಡಿಸಿ, ಇನ್ನೊಂದು ಮಗ್ಗುಲಲ್ಲಿ ಆಲಿಸುತ್ತಾರೆ. ಒಂದೇ ಹಾಳೆಯಿದ್ದರೆ ಶಬ್ದ ಕುಗ್ಗಿದರೂ ಆಚೆಗೆ ಕೇಳಿಸುತ್ತದೆ. ಎರಡಿದ್ದರೆ ನಡುವೆ ತೆಳುವಾದ ಗಾಳಿಯ ಪದರವೊಂದು ಸೇರಿರುತ್ತದೆ. ಅದನ್ನು ದಾಟುವಾಗ ಶಬ್ದ ಬಹುಪಾಲು ಅಡಗಿಹೋಗುತ್ತದೆ. ಕೂಡಲೆ ಯಂತ್ರ ನಿಲ್ಲುತ್ತದೆ, ಅಥವಾ ಆ ಜೋಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಕಾಗದದ ಬಣ್ಣ ಯಾವುದಾದರೂ ಆಗಲಿ, ಮಸಿ ಎಷ್ಟೇ ಇರಲಿ, ಈ ಪರೀಕ್ಷೆಗೆ ಅಡ್ಡಿಯಿಲ್ಲ.

ತಿಂಡಿಯ ಪೊಟ್ಟಣದಲ್ಲಿ ಎರಡು ಬೊಂಬೆಗಳು ಬಂದರೆ ಮಗುವಿಗೆ ಹಬ್ಬ. ಒಂದೂ ಬಾರದಿದ್ದರೆ ಅಳು. ಅಮೆರಿಕದಲ್ಲಿ ಕ್ರ್ಯಾಕರ್ ಜಾಕ್ ಎಂಬ ಬೆಲ್ಲದ ಪಾಕದ ಅರಳಿನ ತಿಂಡಿಯವರು 1912ರಿಂದ ಪೆಟ್ಟಿಗೆ ಪೆಟ್ಟಿಗೆಯಲ್ಲಿಯೂ ಒಂದು ಉಡುಗೊರೆಯನ್ನಿಟ್ಟು ನೂರು ವರ್ಷಗಳಿಗೂ ಮಿಗಿಲಾಗಿ ಮಕ್ಕಳನ್ನು ಒಲಿಸಿಕೊಂಡರು. 2016ರಲ್ಲಿ ಆಟಿಕೆಗಳ ಬದಲು ಮೊಬೈಲಿನಿಂದ ಓದುವ ಸಂಕೇತದ ಚೀಟಿಯನ್ನು ಇಡತೊಡಗಿದಾಗ ಹಿರಿಯರೇ ಹೆಚ್ಚು ಮರುಗಿದರೆಂದು ತೋರುತ್ತದೆ. ಔಷಧದ ಮಾತು ಹಾಗಲ್ಲ. ಒಂದು ಮಾತ್ರೆಯ ಪೆಟ್ಟಿಗೆಯೊಳಗೆ ಇನ್ನೊಂದರ ಮಾಹಿತಿಪತ್ರ ಸೇರಿದರೆ, ಎಷ್ಟು ನುಂಗಬೇಕು, ಯಾರು ನುಂಗಬಾರದು ಎಂಬುದೆಲ್ಲ ತಲೆಕೆಳಗಾಗುತ್ತದೆ. ಇಲ್ಲಿ ಒಂದಿದ್ದರೆ ಸಾಲದು, ಸರಿಯಾದುದೇ ಇರಬೇಕು. ಮನೆಯಲ್ಲಿ ಔಷಧದ ಪೆಟ್ಟಿಗೆಯಿದ್ದರೆ ಅದರ ಮಾಹಿತಿಪತ್ರವನ್ನು ಬಿಚ್ಚಿ ನೋಡಿ. ಅಂಚಿನಲ್ಲಿ ಕೆಲವು ತೆಳುವಾದ, ಕೆಲವು ದಪ್ಪವಾದ ಗೆರೆಗಳು ಅಕ್ಕಪಕ್ಕ ನಿಂತಿರುವುದು ಅನೇಕ ವೇಳೆ ಕಾಣುತ್ತದೆ. ಫಾರ್ಮಕೋಡ್ ಎಂಬ ಈ ಗುರುತಿನಲ್ಲಿ 3ರಿಂದ 1,31,070ರವರೆಗಿನ ಯಾವುದಾದರೊಂದು ಸಂಖ್ಯೆ ಅಡಗಿರುತ್ತದೆ. ನಮಗೆ ಅದರಿಂದ ಏನೂ ತಿಳಿಯದು. ಅದಿರುವುದು ಯಂತ್ರದ ಕಣ್ಣಿಗಾಗಿ. ಪತ್ರದ ಸಂಖ್ಯೆ ಆ ದಿನದ ಔಷಧಕ್ಕೆ ಹೊಂದದಿದ್ದರೆ ಪೆಟ್ಟಿಗೆ ಸಾಲಿನಿಂದ ಹೊರಬೀಳುತ್ತದೆ. ಕಡೆಯಲ್ಲಿ ಪ್ರತಿಯೊಂದು ಪೆಟ್ಟಿಗೆಯನ್ನೂ ಓಡುತ್ತಿರುವಂತೆಯೇ ತೂಗುವುದೂ ಉಂಟು. ಒಳಗೆ ಏನಾದರೂ ಕಡಮೆಯಾಗಿದ್ದರೆ ಅಲ್ಲಿಯೂ ಸಿಕ್ಕಿಬೀಳುತ್ತದೆ.

ಕಾವಲುಗಾರನೇ ಕಣ್ಣು ಮುಚ್ಚಿದರೆ?

ಅಮೆರಿಕದ ಒಹಾಯೋ ರಾಜ್ಯದಲ್ಲಿ ಕೊಲಂಬಸ್ ನಗರವಿರುವ ಫ್ರ್ಯಾಂಕ್ಲಿನ್ ಕೌಂಟಿಯಲ್ಲಿ 2020ರ ಅಕ್ಟೋಬರಿನಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅಧ್ಯಕ್ಷರ ಚುನಾವಣೆಯ ಕಾಲ; ಕೊರೋನಾ ಹಾವಳಿಯ ವರ್ಷವಾದುದರಿಂದ ಅಂಚೆಯ ಮೂಲಕ ಮತ ಕಳುಹಿಸುವವರು ಎಂದಿಗಿಂತ ಹೆಚ್ಚಾಗಿದ್ದರು. 2,37,498 ಮಂದಿಗೆ ಮತಪತ್ರಗಳು ಹೋದುವು. ಅಲ್ಲಿ ಒಂದೊಂದು ವಿಭಾಗದ ಮತಪತ್ರವೂ ಬೇರೆ ಬೇರೆ. ಈ ಬೀದಿಯವರ ಉಮೇದುವಾರರು ಆಚೆ ಬೀದಿಯವರಿಗಲ್ಲ. ಮತಪತ್ರಗಳನ್ನು ಲಕೋಟೆಗೆ ಸೇರಿಸುವ ವ್ಯವಸ್ಥೆಗಳಲ್ಲೊಂದರಲ್ಲಿ ಶನಿವಾರ ಮಧ್ಯಾಹ್ನ ಒಂದು ಸೆಟ್ಟಿಂಗು ಬದಲಾಯಿತು. ತಾಳೆ ನೋಡುವ ಯಂತ್ರದ ಕಣ್ಣು ಸರಿಯಾಗಿ ಕೆಲಸಮಾಡದೆ ಹೋಯಿತು. ಲಕೋಟೆಗಳು ಮಾತ್ರ ಎಂದಿನಂತೆ ಸಾಲಾಗಿ ಹೊರಟವು. 49,669 ಮಂದಿಯ ಕೈಗೆ ತಪ್ಪು ಮತಪತ್ರ ಬಂದಿತು!

ದೂರುಗಳು ಬಂದ ಮೇಲೆ ಅಧಿಕಾರಿಗಳು ತಪ್ಪನ್ನು ಒಪ್ಪಿಕೊಂಡು ಅಷ್ಟೂ ಜನರಿಗೆ ಹೊಸ ಮತಪತ್ರಗಳನ್ನು ಕಳುಹಿಸಿದರು. ಒಬ್ಬರ ಮತ ಎರಡು ಸಲ ಎಣಿಕೆಯಾಗದಂತೆಯೂ ಏರ್ಪಾಡಿತ್ತು. ಆದರೆ ನಂಬಿಕೆ ಕದಡಿದುದು ಕದಡಿತು. ಚುನಾವಣೆಯಲ್ಲಿ ಮೋಸವಿದೆಯೆಂದು ಕೂಗುತ್ತಿದ್ದವರಿಗೆ ಒಂದು ಮಾತು ಸಿಕ್ಕಿದಂತಾಯಿತು. ನಮ್ಮ ಹಜಾರದಲ್ಲಿ ಆದುದೂ ಇಂಥದೇ ಅಲ್ಲವೆ? ಕೈ ತಪ್ಪಿದುದಕ್ಕೆ ಮನಸ್ಸಿನ ಕಾರಣ ಹುಡುಕಿದರು. ಕೈ ಐನೂರರಲ್ಲಿ ಒಂದೆರಡು ತಪ್ಪುತ್ತದೆ. ಯಂತ್ರ ಸಾಮಾನ್ಯವಾಗಿ ತಪ್ಪುವುದಿಲ್ಲ. ತಪ್ಪಿದರೆ ಯಾರಾದರೂ ನಿಲ್ಲಿಸುವವರೆಗೆ ಅದೇ ತಪ್ಪನ್ನು ಮಾಡುತ್ತಲೇ ಹೋಗುತ್ತದೆ.

ನಮ್ಮಲ್ಲಿ ಈ ಕೆಲಸವೆಲ್ಲ ಯಂತ್ರದ ಪಾಲಾಗಿಲ್ಲ. ಬೆಂಗಳೂರಿನಲ್ಲಿ ನಸುಕಿನ ಹೊತ್ತು ಯಾವುದಾದರೂ ವೃತ್ತದ ಬಳಿ ನಿಂತು ನೋಡಿ. ಬೀದಿದೀಪದ ಕೆಳಗೆ, ಮುಚ್ಚಿದ ಅಂಗಡಿಯ ಜಗಲಿಯ ಮೇಲೆ, ಪತ್ರಿಕೆ ಹಂಚುವ ಹುಡುಗರು ದಿನಪತ್ರಿಕೆಗಳ ನಡುವೆ ಹ್ಯಾಂಡ್‌ಬಿಲ್ಲು ಸೇರಿಸುತ್ತಿರುತ್ತಾರೆ. ಹೊರದೇಶಗಳ ದೊಡ್ಡ ಮುದ್ರಣಾಲಯಗಳಲ್ಲಿ ಪುರವಣಿಗಳನ್ನು ಒಳಸೇರಿಸಲು ಭಾರಿ ಯಂತ್ರಗಳುಂಟು. ಇಲ್ಲಿಯಾದರೋ ಈ ಬಡಾವಣೆಗೆ ಟ್ಯೂಷನ್ನಿನದು, ಆ ಬಡಾವಣೆಗೆ ಸೀರೆ ಅಂಗಡಿಯದು. ಅಳತೆಯೂ ಬೇರೆ, ಕಾಗದವೂ ಬೇರೆ. ಇದನ್ನು ಹೊಂದಿಸಿಕೊಳ್ಳಲು ಯಂತ್ರಕ್ಕೆ ಬೇಕಾಗುವ ಹೊತ್ತಿನಲ್ಲಿ ಹುಡುಗ ಅರ್ಧ ಕಟ್ಟನ್ನು ಮುಗಿಸಿರುತ್ತಾನೆ. ಅವನಿಗೆ ಸಿಗುವ ಕೂಲಿ ಯಂತ್ರದ ಬೆಲೆಯ ಮುಂದೆ ಏನೇನೂ ಅಲ್ಲವೆಂಬುದೂ ನಿಜವೇ.

ಕಳೆದ ವರ್ಷ ಅಕ್ಕನ ಮಗಳ ಮದುವೆ. ಮತ್ತೆ ಅದೇ ಹಜಾರ, ಅದೇ ಅರಿಸಿನದ ಬಟ್ಟಲು. ಈ ಸಲ ನಾನು ಹಟ ಹಿಡಿದು ಅಡಿಗೆಮನೆಯ ತಕ್ಕಡಿಯನ್ನು ತಂದು, ಅಂಟಿಸಿದ ಪ್ರತಿಯೊಂದು ಲಕೋಟೆಯನ್ನೂ ಅದರ ಮೇಲಿಟ್ಟು ನೋಡತೊಡಗಿದೆ. ಮನೆಯವರೆಲ್ಲ ನಕ್ಕರು. “ನಿನ್ನದೊಂದು ಹುಚ್ಚು ಕಣೋ” ಎಂದಳು ಅಕ್ಕ. ಮುನ್ನೂರು ದಾಟಿದ ಮೇಲೆ ಒಂದು ಲಕೋಟೆಗೆ ಮುಳ್ಳು ಮೇಲೇಳಲೇ ಇಲ್ಲ. ಅಕ್ಕನೇ ಅದನ್ನು ಕಿತ್ತುಕೊಂಡು ಬಿಚ್ಚಿದಳು. ಒಳಗೆ ಎರಡು ಕಾಳು ಮಂತ್ರಾಕ್ಷತೆ ಮಾತ್ರ ಇತ್ತು.