ಲಿಂಕನ್ನರ ದೈವಶ್ರದ್ಧೆ ಮತ್ತು ಅವರ ಚರಿತ್ರಕಾರರು

ರಾಜಕೀಯ ಪುರುಷರ ಜೀವನಚರಿತ್ರೆಗಳನ್ನು ಓದುವವರು ನಾಯಕನ ಧರ್ಮಶ್ರದ್ಧೆಯನ್ನು ಕುರಿತ ಅಧ್ಯಾಯಕ್ಕೆ ಬಂದಾಗ ತುಸು ಎಚ್ಚರದಿಂದಿರಬೇಕಾಗುತ್ತದೆ. ಅಲ್ಲಿ ಕಾಣುವ ಶ್ರದ್ಧೆ ನಾಯಕನದೋ ಬರೆದವನದೋ ಎಂಬುದು ಬೇಗನೆ ತಿಳಿಯುವುದಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ನರ ವಿಷಯದಲ್ಲಿ ಈ ತೊಡಕು ಎದ್ದು ಕಾಣುತ್ತದೆ.

ಲಿಂಕನ್ನರ ಹತ್ಯೆಯಾದದ್ದು 1865ರ ಏಪ್ರಿಲಿನಲ್ಲಿ. ಮರುವರ್ಷವೇ ಜೋಸಾಯ ಹಾಲೆಂಡರು ಬರೆದ ಚರಿತ್ರೆ ಪ್ರಕಟವಾಯಿತು. ಅದರಲ್ಲಿ ಲಿಂಕನ್ನರು ನಿಷ್ಠಾವಂತ ಕ್ರೈಸ್ತಭಕ್ತರು. ಸ್ಪ್ರಿಂಗ್‌ಫೀಲ್ಡಿನಲ್ಲಿ ಅವರೊಡನೆ ವಕೀಲಿ ನಡೆಸಿದ್ದ ವಿಲಿಯಂ ಹರ್ಂಡನ್ನರಿಗೆ ಈ ಚಿತ್ರ ಒಪ್ಪಿಗೆಯಾಗಲಿಲ್ಲ. ಹಳೆಯ ಪರಿಚಿತರಿಂದ ಪತ್ರಗಳನ್ನೂ ಹೇಳಿಕೆಗಳನ್ನೂ ಸಂಗ್ರಹಿಸಿ, 1889ರಲ್ಲಿ ಅವರು ಹೊರತಂದ ಪುಸ್ತಕದಲ್ಲಿ ಲಿಂಕನ್ನರು ಯೌವನದಿಂದಲೂ ಸಂಶಯವಾದಿ. ಹೊಗಳಿಕೆಯ ಚರಿತ್ರೆಗಳನ್ನು ಕಂಡರೆ ಲಿಂಕನ್ನರಿಗೇ ಬೇಸರವಿತ್ತೆಂದೂ, ಪುಸ್ತಕದಂಗಡಿಯವರು ಹೆಸರಿನ ಜಾಗವನ್ನು ಖಾಲಿ ಬಿಟ್ಟ ಚರಿತ್ರೆಗಳನ್ನು ಅಚ್ಚುಮಾಡಿಟ್ಟುಕೊಳ್ಳಬಹುದಲ್ಲ ಎಂದು ಹಾಸ್ಯ ಮಾಡಿದ್ದರೆಂದೂ ಬರೆದವರು ಹರ್ಂಡನ್ನರೇ!

ಲಿಂಕನ್ನರು ಯಾವ ಚರ್ಚಿನ ಸದಸ್ಯರೂ ಆಗಲಿಲ್ಲ. 1846ರ ಚುನಾವಣೆಯಲ್ಲಿ ಅವರ ಎದುರಾಳಿ ಪೀಟರ್ ಕಾರ್ಟ್‌ರೈಟ್ ಎಂಬ ಧರ್ಮಬೋಧಕ. ಲಿಂಕನ್ ನಾಸ್ತಿಕನೆಂಬ ಪ್ರಚಾರ ಹಬ್ಬಿದಾಗ ಅವರು ಕರಪತ್ರವೊಂದನ್ನು ಹೊರಡಿಸಿ, ತಾವು ಚರ್ಚಿಗೆ ಸೇರದಿರುವುದನ್ನು ಒಪ್ಪಿಕೊಂಡರು; ಧರ್ಮವನ್ನು ಎಂದೂ ಹಳಿದಿಲ್ಲವೆಂದರು. ಚುನಾವಣೆಯಲ್ಲಿ ಗೆದ್ದರು. ಆದರೆ ಮತ ಕೇಳುವವನ ಮಾತಿನಿಂದ ಅವನ ಅಂತರಂಗವನ್ನು ಅಳೆಯಲಾದೀತೆ?

ಇದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಅಂತರ್ಯುದ್ಧದ ನಡುವೆ ಅವರು ತಮಗಾಗಿಯೇ ಬರೆದುಕೊಂಡ ಒಂದು ಸಣ್ಣ ಟಿಪ್ಪಣಿ. ಅದನ್ನು ಉಳಿಸಿದವರು ಅವರ ಕಾರ್ಯದರ್ಶಿಗಳು. ಎರಡು ಪಕ್ಷದವರೂ ದೇವರು ತಮ್ಮವನೆನ್ನುತ್ತಾರೆ; ಒಂದೇ ಸಂಗತಿಗೆ ದೇವರು ಏಕಕಾಲದಲ್ಲಿ ಪರವೂ ವಿರೋಧಿಯೂ ಆಗಲಾರ; ಅವನ ಉದ್ದೇಶ ಇಬ್ಬರದಕ್ಕಿಂತಲೂ ಬೇರೆಯೇ ಇದ್ದೀತು. ಇದು ಅಲ್ಲಿಯ ವಿಚಾರಸರಣಿ. 1865ರ ಮಾರ್ಚ್ 4ರಂದು, ಎರಡನೆಯ ಬಾರಿ ಅಧ್ಯಕ್ಷರಾದಾಗ, ಅದೇ ವಿಚಾರವನ್ನು ಬಹಿರಂಗವಾಗಿ ನುಡಿದರು. ಗುಲಾಮಗಿರಿಯ ಪಾಪಕ್ಕೆ ಉತ್ತರ ದಕ್ಷಿಣಗಳೆರಡೂ ದಂಡ ತೆರುತ್ತಿರಬಹುದೆಂದರು. ಗೆಲುವಿನ ಹೊಸ್ತಿಲಲ್ಲಿದ್ದ ನಾಯಕ ದೇವರನ್ನು ತನ್ನ ಪಕ್ಷಕ್ಕೆ ಸೇರಿಸಿಕೊಳ್ಳದಿದ್ದುದು ನನಗೆ ಇಂದಿಗೂ ದೊಡ್ಡದಾಗಿಯೇ ತೋರುತ್ತದೆ.

ಅಧ್ಯಾಪಕನಾಗಿ ನಾನು ಬಹುಕಾಲ ಮಕ್ಕಳಿಗೆ ಹೇಳಿದ್ದು ಹಾಲೆಂಡರ ಬಗೆಯ ಭಕ್ತ ಲಿಂಕನ್ನನ ಕಥೆಯನ್ನೇ. ಹರ್ಂಡನ್ನರನ್ನು ಓದಿದ ಮೇಲೆ ಕೆಲವು ವರ್ಷ ಆ ಮಾತನ್ನೇ ಎತ್ತಲಿಲ್ಲ. ಆ ಮೌನವೂ ತಪ್ಪೇ. ಈಗ ಎರಡು ಪುಸ್ತಕಗಳ ವಿಷಯವನ್ನೂ ಹೇಳಿ, ಟಿಪ್ಪಣಿಯ ಸಾರವನ್ನು ಕರಿಹಲಗೆಯ ಮೇಲೆ ಬರೆಯುತ್ತೇನೆ. ಹಾಗಾದರೆ ಅವರು ಭಕ್ತರೋ ಅಲ್ಲವೋ ಎಂದು ಮಕ್ಕಳು ಕೇಳುತ್ತಾರೆ. ಅಷ್ಟರಲ್ಲಿ ಸಾಮಾನ್ಯವಾಗಿ ಗಂಟೆ ಹೊಡೆದಿರುತ್ತದೆ.