ನಿಮಗಿದು ಗೊತ್ತೆ?: ಗೂಢಚಾರರ ಮುಖ್ಯಸ್ಥನಿಗೂ ಬಹಿರಂಗ ಪರೀಕ್ಷೆ

ಅಮೆರಿಕದಲ್ಲಿ ಗುಪ್ತಚರ ಸಂಸ್ಥೆ ಸಿಐಎ ಮುಖ್ಯಸ್ಥನ ಹೆಸರನ್ನು ಅಧ್ಯಕ್ಷರು ಸೂಚಿಸಿದರಷ್ಟೇ ಸಾಲದು, ಸಂಸತ್ತಿನ ಮೇಲ್ಮನೆ ಸೆನೆಟ್ ಒಪ್ಪಬೇಕು. ರಾಬರ್ಟ್ ಗೇಟ್ಸ್ ಕಥೆಯನ್ನೇ ನೋಡಿ. ಅಧ್ಯಕ್ಷ ರೇಗನ್ 1987ರಲ್ಲಿ ಅವರನ್ನು ಈ ಹುದ್ದೆಗೆ ಆರಿಸಿದರು. ಇರಾನ್‌ಗೆ ಗುಟ್ಟಾಗಿ ಶಸ್ತ್ರ ಮಾರಿ ಆ ಹಣವನ್ನು ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಹರಿಸಿದ ಇರಾನ್–ಕಾಂಟ್ರಾ ಹಗರಣದ ಬಗ್ಗೆ ಗೇಟ್ಸ್‌ಗೆ ಏನೇನು ಗೊತ್ತಿತ್ತು ಎಂದು ಸೆನೆಟರುಗಳು ಕೆದಕತೊಡಗಿದಾಗ ಹೆಸರು ವಾಪಸಾಯಿತು. 1991ರಲ್ಲಿ ಮತ್ತೆ ಸರದಿ ಬಂತು. ಸೋವಿಯತ್ ಒಕ್ಕೂಟದ ಕುರಿತ ವರದಿಗಳನ್ನು ಅವರು ಮೇಲಿನವರಿಗೆ ಹಿತವಾಗುವಂತೆ ತಿರುಚಿದ್ದರೆಂದು ಸಂಸ್ಥೆಯ ಮಾಜಿ ವಿಶ್ಲೇಷಕರೇ ಟಿವಿ ಕ್ಯಾಮೆರಾಗಳೆದುರು ಸಾಕ್ಷಿ ಹೇಳಿದರು. ಗುಪ್ತಚರ ಇಲಾಖೆಯವರು ಬಾಯಿ ಬಿಡುವುದೆಂದರೆ ಸಾಮಾನ್ಯವೆ! ಗೇಟ್ಸ್ ಆರೋಪ ಅಲ್ಲಗಳೆದರು. 64–31 ಮತಗಳಿಂದ ಪಾರಾದರು.

ನಮ್ಮಲ್ಲಿ ಗುಪ್ತಚರ ಸಂಸ್ಥೆಗಳಾದ ಐಬಿ, ರಾ ಮುಖ್ಯಸ್ಥರನ್ನು ನೇಮಿಸುವುದು ಪ್ರಧಾನಿ ನೇತೃತ್ವದ ಸಂಪುಟ ನೇಮಕಾತಿ ಸಮಿತಿ. ಸಂಸತ್ತಿನಲ್ಲಿ ವಿಚಾರಣೆಯೂ ಇಲ್ಲ, ಮತದಾನವೂ ಇಲ್ಲ. ಈ ಸಂಸ್ಥೆಗಳ ಮೇಲೆ ಸಂಸದೀಯ ನಿಗಾ ಬೇಕೆಂದು 2011ರಲ್ಲಿ ಸಂಸದ ಮನೀಶ್ ತಿವಾರಿ ಮಂಡಿಸಿದ ಖಾಸಗಿ ಮಸೂದೆ ಕಾಯ್ದೆಯಾಗಲೇ ಇಲ್ಲ.